ಸ್ವದೇಹ ಪರಿಚಯ

ಮನುಷ್ಯನಿಗೂ ಅವನ ದೇಹಕ್ಕೂ ಇರುವ ಸಂಬಂಧವು ಪಟ್ಟಣದಲ್ಲಿ ನೆಲಸಿದ ಜಮೀನುದಾರನಿಗೂ ಹಳ್ಳಿಯಲ್ಲಿರುವ ಅವನ ಗದ್ದೆಗೂ ಇರುವ ಸಂಬಂಧದಂಥದು. ಫಲವನ್ನು ಅನುಭವಿಸುವನು, ಗೇಣಿ ತಡವಾದರೆ ಗದರುವನು, ಯಾವ ಕಾಲುವೆ ಎಲ್ಲಿ ಹರಿಯುವುದೆಂಬುದನ್ನು ಮಾತ್ರ ಅರಿಯನು. ಈ ಅಜ್ಞಾನದ ನಿವಾರಣೆಗಾಗಿಯೇ ವಿಶ್ವವಿದ್ಯಾನಿಲಯದವರು ಪ್ರಥಮ ವರ್ಷದಲ್ಲಿ ಮಾನವ ಜೀವಶಾಸ್ತ್ರವನ್ನು ಪಠ್ಯವಾಗಿಟ್ಟಿದ್ದರು. ಅದುವರೆಗೆ ನನ್ನ ಉಸಿರಾಟವು ಯಾವ ತಂಟೆತಕರಾರೂ ಇಲ್ಲದೆ ನಡೆದುಬಂದಿತ್ತು. ಎದೆಗೂ ಹೊಟ್ಟೆಗೂ ನಡುವಣ ವಪೆಯು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಗಾಳಿಯು ಒಳಸೇರುವುದೆಂದು ಅಧ್ಯಾಪಕರು ವಿವರಿಸಿದ ಕ್ಷಣದಿಂದ, ನಾನೇ ನಿಗಾ ವಹಿಸದಿದ್ದರೆ ಆ ವಪೆಯು ಇಳಿಯುವುದನ್ನೇ ಮರೆತೀತೆಂಬ ಭಯವು ಹೊಕ್ಕು, ಉಳಿದ ಪಾಠವೆಲ್ಲ ನಿಟ್ಟುಸಿರಿನಲ್ಲಿಯೇ ಕಳೆಯಿತು.

ನಾಡಿಯನ್ನು ಎಣಿಸುವ ಪ್ರಯೋಗದಲ್ಲಿ ಇಂಥ ಆತಂಕವೇನೂ ಇರಲಿಲ್ಲ. ನಿಮಿಷಕ್ಕೆ 72 ಎಂದು ಪುಸ್ತಕವು ಮೊದಲೇ ತಿಳಿಸಿದ್ದುದರಿಂದ, ತಡವಾಯಿತೆಂದು ಮಹಡಿಯ ಮೆಟ್ಟಿಲುಗಳನ್ನು ಓಡಿ ಹತ್ತಿಬಂದವನ ಹೃದಯವೂ, ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವನ ಹೃದಯವೂ ರೆಕಾರ್ಡ್ ಪುಸ್ತಕದಲ್ಲಿ 72 ಸಲವೇ ಬಡಿದವು. ಹೃದಯವು ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತವನ್ನು ಲೆಕ್ಕ ಹಾಕಿ, ಅರ್ಧ ಗಂಟೆಯೊಳಗೆ ಅದು ದೇಹದಲ್ಲಿರುವ ಒಟ್ಟು ರಕ್ತವನ್ನೇ ಮೀರುವುದೆಂದು ಕಂಡು, ಹಾಗಾದರೆ ರಕ್ತವು ಸುತ್ತಿ ಸುತ್ತಿ ಬರಲೇಬೇಕೆಂದು 1628ರಲ್ಲಿ ಸಾಧಿಸಿದ ವಿಲಿಯಂ ಹಾರ್ವೆಗೆ, ಪಾಪ, ನಕಲು ಮಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಪ್ರಯೋಗಶಾಲೆಯ ಮೂಲೆಯಲ್ಲಿ ತೂಗುತ್ತಿದ್ದ ಅಸ್ಥಿಪಂಜರದ ಎಡಗೈಯಲ್ಲಿ ಎರಡು ಬೆರಳುಗಳು ಉದುರಿಹೋಗಿದ್ದರೂ, ನಮ್ಮ ಉತ್ತರಪತ್ರಿಕೆಗಳಲ್ಲಿ 206 ಮೂಳೆಗಳಿಗೆ ಒಂದೂ ಕಡಿಮೆಯಾಗಲಿಲ್ಲ.

ಕೆನ್ನೆಯ ಒಳಮೈಯನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದು, ಬಂದುದನ್ನು ಗಾಜಿನ ಸ್ಲೈಡಿಗೆ ಸವರಿ, ಮೆಥಿಲೀನ್ ಬ್ಲೂ ತೊಟ್ಟಿಕ್ಕಿ, ಮೇಲೊಂದು ಕವರ್‌ಸ್ಲಿಪ್ ಮುಚ್ಚಿ ಸ್ವಂತ ಜೀವಕೋಶವನ್ನು ಸಂದರ್ಶಿಸುವ ದಿನವೂ ಬಂದಿತು. ನನ್ನ ಪಕ್ಕದ ಗೆಳೆಯನು ಒಂದು ಕಣ್ಣನ್ನು ಮುಚ್ಚಿ, ದಪ್ಪ ಕರಿಯಂಚಿನ ವರ್ತುಲವೊಂದನ್ನು ಭಕ್ತಿಯಿಂದ ಚಿತ್ರಿಸುತ್ತಿದ್ದನು. ಡೆಮಾನ್‌ಸ್ಟ್ರೇಟರ್ ಮಹಾಶಯರು ಬಗ್ಗಿ ನೋಡಿ, “ಏನಯ್ಯಾ ಇದು?” ಎಂದರು. “ನನ್ನ ಜೀವಕೋಶ, ಸಾರ್.” “ಇದು ಗಾಳಿಗುಳ್ಳೆ ಕಣಯ್ಯಾ! ನ್ಯೂಕ್ಲಿಯಸ್ ಎಲ್ಲಿ?” ಅವರು ಮುಂದಿನ ಮೇಜಿಗೆ ಹೋಗಿ ಬರುವಷ್ಟರಲ್ಲಿ ಗೆಳೆಯನು ಪುಸ್ತಕವನ್ನು ತೆರೆದು, ಗುಳ್ಳೆಯ ನಡುವೆ ನ್ಯೂಕ್ಲಿಯಸ್ಸೊಂದನ್ನು ಪ್ರತಿಷ್ಠಾಪಿಸಿ, ಬಾಣದ ಗುರುತು ಹಾಕಿ ಹೆಸರನ್ನೂ ಬರೆದಿದ್ದನು. ಸಹಿ ಬಿದ್ದಿತು.

ಇದು ಎಳೆಯರ ಸೋಮಾರಿತನವೆಂದು ಹಿರಿಯರು ಮೂಗು ಮುರಿಯಬಾರದು. ಮಾನವನ ಜೀವಕೋಶದಲ್ಲಿ 48 ವರ್ಣತಂತುಗಳಿವೆಯೆಂದು ಅಮೆರಿಕದ ಪೇಂಟರ್ ಎಂಬ ವಿದ್ವಾಂಸನು 1923ರಲ್ಲಿ ಸಾರಿದ ಮೇಲೆ, ಮೂವತ್ತಕ್ಕೂ ಮಿಕ್ಕಿದ ವರ್ಷ ಜಗತ್ತಿನ ಪಂಡಿತರೆಲ್ಲರೂ ತಮ್ಮ ಸೂಕ್ಷ್ಮದರ್ಶಕಗಳಲ್ಲಿ 48ನ್ನೇ ದರ್ಶನ ಮಾಡಿದರು. ಭ್ರೂಣದ ಯಕೃತ್ತಿನ ಕೋಶಗಳನ್ನು ಪರೀಕ್ಷಿಸುತ್ತಿದ್ದ ಸಂಶೋಧಕರು ಕೆಲವರು, ಎಷ್ಟು ಹುಡುಕಿದರೂ 46ರ ಮೇಲೆ ದೊರೆಯದಿರಲು, ತಮ್ಮ ಕೈಯಲ್ಲೇ ಕುಂದಿದೆಯೆಂದು ಬಗೆದು ಕೆಲಸವನ್ನೇ ಕೈಬಿಟ್ಟರಂತೆ. ಕೊನೆಗೆ 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಟ್ಜಿಯೊ ಎಂಬವನು ಕಣ್ಣಿಗೆ ಕಂಡಷ್ಟನ್ನೇ ಎಣಿಸುವ ಧೈರ್ಯ ಮಾಡಿದನು. ಮರುವರ್ಷ ಅವನೂ ಲೆವಾನ್ ಎಂಬವನೂ ಕೂಡಿ 46 ಎಂದು ಪ್ರಕಟಿಸಿದರು.

ನಮ್ಮ ಕಾಲೇಜಿನ ಪಠ್ಯಪುಸ್ತಕವು ಅದಕ್ಕೆ ಮುಂಚೆಯೇ ಅಚ್ಚಾದುದು. ನಮ್ಮ ಅಧ್ಯಾಪಕರ ಟಿಪ್ಪಣಿಗಳು ಅದಕ್ಕಿಂತಲೂ ಪ್ರಾಚೀನವಾದುವು. ವಾಚನಾಲಯದಲ್ಲಿ ಪತ್ರಿಕೆಗಳನ್ನು ತಿರುವುವ ದುರಭ್ಯಾಸವಿದ್ದ ನಮ್ಮ ತರಗತಿಯ ಹುಡುಗನೊಬ್ಬನು ವಾರ್ಷಿಕ ಪರೀಕ್ಷೆಯಲ್ಲಿ 46 ಎಂದು ಬರೆದು ಒಂದು ಅಂಕವನ್ನು ಕಳೆದುಕೊಂಡನು. ಪಠ್ಯವು ಎಂದೋ ತಿದ್ದಿಕೊಂಡಿದೆ; ಆ ಅಂಕವನ್ನು ಮಾತ್ರ ವಿಶ್ವವಿದ್ಯಾನಿಲಯದವರು ಅವನಿಗೆ ಈವರೆಗೂ ಹಿಂತಿರುಗಿಸಿಲ್ಲ.