ಹಗುರ ಹುಟ್ಟು

ಹೊನ್ನಾವರ, ಶರಾವತಿ ದಡ. ಬೆಂಗಳೂರಿನ ಸಾಹೇಬರು, ದೋಣಿಯ ಗಣಪಣ್ಣ.

"ಕಾರ್ಬನ್ ಫೈಬರ್ ಹುಟ್ಟು, ಗಣಪಣ್ಣ. 25,000!"

"ದೋಣಿ ಸೇರಿ ಅಲ್ದ್ರಾ?"

"ದೋಣಿ ಬಾಡಿಗೆಗೆ. ಒಂದು ಗಂಟೆ."

"ಮರದ್ದು ಆಗ್ತಿರ್ಲಿಲ್ವಾ?"

"ಅದು ಕಾಲು ಕಿಲೋ ಜಾಸ್ತಿ! ಗಂಟೆಗೆ ಸಾವಿರಾರು ಸಲ ಎತ್ತಬೇಕು. ತೋಳು ಉಳಿಯತ್ತೆ."

"ಖರೆ. ಈ ಚೀಲ?"

"ತಿಂಡಿ. ಮೂರು ಕಿಲೋ ಇರಬಹುದು."

"ಬಿಡಿ, ಅದನ್ನ ಎತ್ತೂದು ಹೊಟ್ಟೆ."

"ನೋಡು, ಈ ಹುಟ್ಟನ್ನ ಕಲ್ಲಿಗೆ ತಾಗಿಸಬಾರದು. ಬಿರುಕು ಬಿಡತ್ತೆ."

"ಹಂಗಾರೆ ಕಲ್ಲು ಬಂದಾಗ ಇದನ್ನ ಮೇಲೆ ಹಿಡ್ಕಣಿ, ನನ್ನ ಮರದ್ದು ಹಾಕಿ."

"ಎರಡೆರಡು ಹುಟ್ಟಾ? ಭಾರ ಆಗಲ್ವಾ?"

"ಭಾರ ಎಂತದು? ಒಂದು ಹಗುರದ್ದೇ ಅಲ್ದ್ರಾ! ಅದಿರ್ಲಿ, ಅಷ್ಟು ದುಡ್ಡು ಎಲ್ಲಿ ಹುಟ್ತು?"

"ಕಂತು, ಗಣಪಣ್ಣ. ಹನ್ನೆರಡು ತಿಂಗಳು."

"ಹೌದ್ರಾ? ಹಂಗಾರೆ ನೀವು ದಡ ಸೇರೂದು ಬರೂ ವರ್ಷ."