ಭಾವನ ಫ್ಲ್ಯಾಕ್ ಭಂಡಾರ

ನಮ್ಮ ಭಾವ ಹಾಡು ಕೇಳುವುದನ್ನು ಬಿಟ್ಟು ಎರಡು ವರ್ಷವಾಯಿತು. ಪುರುಸೊತ್ತೆಲ್ಲಿ? ಹಾಡುಗಳನ್ನು ಸರಿಯಾದ ಫಾರ್ಮ್ಯಾಟ್‌ಗೆ ಬದಲಾಯಿಸುವುದೇ ಇನ್ನೂ ಮುಗಿದಿಲ್ಲ.

ಎಂಪಿ3 ಅಂದರೆ ಅವರಿಗೆ ಮೈಲಿಗೆ. "ಅದರಲ್ಲಿ ಏನು ಉಳಿದಿರುತ್ತೋ? ಹತ್ತರಲ್ಲಿ ಒಂಬತ್ತು ಪಾಲು ಎಸೆದಿರ್ತಾರೆ!" ಲೆಕ್ಕ ಸರಿಯೇ. ಸೀಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಬಡಪಾಯಿ ಎಂಪಿ3 128ರಲ್ಲೇ ಸಂಸಾರ ತೂಗಿಸುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವಾಗ ಭಾವ ಹಾಲ್‌ನಿಂದ ಕೇಳಿದ ಕಾಫಿ ಅಕ್ಕನ ಕಿವಿಗೆ ಬೀಳುವುದಿಲ್ಲವಲ್ಲ, ಎಂಪಿ3ಯ ಗುಟ್ಟೂ ಅದೇ: ದೊಡ್ಡ ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದು ಹೇಗೂ ಕೇಳಿಸದು, ತೆಗೆದುಬಿಡು. (ಮಿಕ್ಸಿ ನಿಂತ ಮೇಲೂ ಅಕ್ಕನಿಗೆ ಕೇಳಿಸುವುದಿಲ್ಲ. ಅದು ಬೇರೆ ತಂತ್ರಜ್ಞಾನ.) ಈ ಕತ್ತರಿಯನ್ನು ಹದಗೊಳಿಸಲು ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್, ಸುಝಾನ್ ವೆಗಾ ಹಾಡಿದ ವಾದ್ಯವಿಲ್ಲದ ಒಂದು ಹಾಡನ್ನು ಮತ್ತೆ ಮತ್ತೆ ಕೇಳಿದರಂತೆ. ಎಸೆಯಲು ಹೊರಟವನು ಅಷ್ಟು ಕೇಳಿದ. ಉಳಿಸಲು ಹೊರಟ ನಮ್ಮ ಭಾವ ಒಂದು ಪಲ್ಲವಿಯನ್ನೂ ಪೂರ್ತಿ ಕೇಳಿಲ್ಲ.

ಭಾವನ ಮನೆದೇವರು ಫ್ಲ್ಯಾಕ್. 2001ರಲ್ಲಿ ಬಂದದ್ದು, ಒಂದು ಬಿಟ್ಟೂ ಕಳೆಯದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ. ಸೀಡಿಯಿಂದ ನೇರ ಇಳಿಸಿ ಕಾಪಿಡಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಭಾವ ಮಾಡಿದ್ದೇನು? ತಮ್ಮಲ್ಲಿದ್ದ ಎಂಪಿ3ಗಳನ್ನೆಲ್ಲ ರಾತ್ರಿಯಿಡೀ ಕೂತು ಫ್ಲ್ಯಾಕ್‌ಗೆ ಬದಲಾಯಿಸಿದರು. ಹಿಂಡಿದ ಕಬ್ಬಿನ ಸಿಪ್ಪೆಗೆ ಬೆಳ್ಳಿ ತಟ್ಟೆ! ರಸ ಮರಳಿ ಬರಲಿಲ್ಲ, ಹಾರ್ಡ್ ಡಿಸ್ಕ್ ಮಾತ್ರ ತುಂಬಿತು. ಆಮೇಲೆ ಅಟ್ಟದ ಹಳೇ ಕ್ಯಾಸೆಟ್‌ಗಳ ಸರದಿ. ಟೇಪಿನ ಸುಯ್ ಸದ್ದು, ಹಿನ್ನೆಲೆಯಲ್ಲಿ ಯಾರದೋ ಕೆಮ್ಮು, ಎಲ್ಲ ಚಾಚೂ ತಪ್ಪದೆ ಫ್ಲ್ಯಾಕ್ ಆದವು.

"128ರಲ್ಲಿ 16 ಕಿಲೋಹರ್ಟ್ಜ್ ಮೇಲಿನದೆಲ್ಲ ಹೋಗುತ್ತೆ, ಗೊತ್ತಾ?" ಅಂತ ಮರುಗಿದರು. ಭಾವನಿಗೆ ಅರವತ್ತೆರಡು. ಆ ಸದ್ದುಗಳು ಎಂಪಿ3ಗಿಂತ ಮೊದಲೇ ಅವರ ಕಿವಿಯನ್ನು ಬಿಟ್ಟು ಹೋಗಿರಬೇಕು. ನಾನು ಹೇಳಲಿಲ್ಲ, ಊಟ ಇನ್ನೂ ಬಡಿಸಿರಲಿಲ್ಲ.

ಕೊನೆಗೆ ಭಂಡಾರದ ಒಂದು ಹಾಡು ಕೇಳಿಸಿದರು. ಬ್ಲೂಟೂತ್ ಸ್ಪೀಕರಿನಲ್ಲಿ. ಎಷ್ಟೇ ಮಡಿಯ ಫೈಲಾದರೂ ಆ ದಾರಿಯಲ್ಲಿ ಸಾಮಾನ್ಯವಾಗಿ ಮತ್ತೊಮ್ಮೆ ಕತ್ತರಿ ಪ್ರಯೋಗವಾಗಿಯೇ ಸ್ಪೀಕರ್ ತಲುಪುತ್ತದೆ.

"ಭಾವ, ಈ ಬ್ಲೂಟೂತು..."

"ಶ್! ತಂಬೂರಿಯ ಉಸಿರು ಕೇಳು."

ಅಷ್ಟರಲ್ಲಿ ಅವರ ಫೋನಿಗೆ ಅಕ್ಕನ ವಾಟ್ಸ್ಯಾಪ್ ಧ್ವನಿ ಸಂದೇಶ. ಓಪಸ್ ಎಂಬ ಫಾರ್ಮ್ಯಾಟ್. 20 ಕೆಬಿ ದಾಟಿರಲಿಕ್ಕಿಲ್ಲ. "ರೀ, ಸಿಲಿಂಡರ್ ಬುಕ್ ಮಾಡಿದ್ರಾ?"

ಭಾವ ಎದ್ದು ನಿಂತರು.

"ಆ 'ಮಾಡಿದ್ರಾ' ಹೇಗೆ ಎಳೆದಳು ಕೇಳಿದೆಯೇನೋ? ಬೆಳಗ್ಗೆಯಿಂದ ಸಿಟ್ಟಲ್ಲಿದ್ದಾಳೆ."