‘ರೆಸ್ಟ್’ ಪದದ ಬಹುಸ್ತರೀಯ ಅರ್ಥಮೀಮಾಂಸೆ: ವಡಾಲ ಪರಿಸರವನ್ನು ಅನುಲಕ್ಷಿಸಿ

ಪೀಠಿಕೆ

ಮುಂಬಯಿಯ ವಡಾಲದ ಕನ್ನಡಿಗರ ಆಡುಮಾತಿನಲ್ಲಿ ‘ರೆಸ್ಟ್’ ಎಂಬ ಪದವು ಪಡೆದಿರುವ ಅರ್ಥವಿಸ್ತಾರ, ಅರ್ಥಸಂಕೋಚ, ಅರ್ಥಪಲ್ಲಟ ಹಾಗೂ ಅರ್ಥಹೀನತೆಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ಆಶಯ. ಈ ಬಗ್ಗೆ ಹಿಂದೆ ಯಾರೂ ಸಂಶೋಧನೆ ಮಾಡಿಲ್ಲ. ಮಾಡಬೇಕೆಂದು ಯಾರಿಗೂ ಅನ್ನಿಸಿಲ್ಲ. ಅನನ್ಯತೆ ಎಂದರೆ ಇದೇ. ಅಧ್ಯಯನದ ವ್ಯಾಪ್ತಿ: ಪಶ್ಚಿಮಕ್ಕೆ ಫೈವ್ ಗಾರ್ಡನ್ಸ್, ಪೂರ್ವಕ್ಕೆ 1930ರಲ್ಲಿ ಸತ್ಯಾಗ್ರಹಿಗಳು ನುಗ್ಗಿದ ಉಪ್ಪಿನಗದ್ದೆಗಳ ಪ್ರದೇಶ, ನಡುವೆ ಲೋಕಲ್ ರೈಲಿನ ಹಾರ್ಬರ್ ಲೈನು. ಸೈದ್ಧಾಂತಿಕ ಚೌಕಟ್ಟನ್ನು ಅರ್ಧ ಪ್ಯಾರಿಸಿನಿಂದ, ಅರ್ಧ ಹಳೆಯ ಪಿಎಚ್.ಡಿ. ಪ್ರಬಂಧಗಳಿಂದ ತರಿಸಿಕೊಳ್ಳಲಾಗಿದೆ.

1. ನಿಷ್ಪತ್ತಿ ವಿಚಾರ

ರೆಸ್ಟಿಗೆ ‘ಅ’ ಎಂಬ ನಿಷೇಧಾರ್ಥಕ ಉಪಸರ್ಗ ಸೇರಿದಾಗ ಅರೆಸ್ಟ್ ಆಗುತ್ತದೆ. ಹೋಲಿಸಿ: ಅನ್ಯಾಯ, ಅಧರ್ಮ, ಅರೆಸ್ಟ್. ಇದನ್ನು ಒಪ್ಪದ ಪಂಥವೂ ಇದೆ. ಅರೆಸ್ಟ್ ಆದವನು ಲಾಕಪ್ಪಿನಲ್ಲಿ ಗೊರಕೆ ಹೊಡೆಯುತ್ತಾನೆ, ಹಿಡಿದು ತಂದ ಹವಾಲ್ದಾರ ರಾತ್ರಿಯಿಡೀ ಎದ್ದಿರುತ್ತಾನೆ. ಹಾಗಾದರೆ ಉಪಸರ್ಗ ಯಾರಿಗೆ ಹತ್ತಿತು ಎಂಬುದು ಅವರ ಆಕ್ಷೇಪ.

‘ರೆಸ್ಟೋರೆಂಟ್’ ವಿಷಯದಲ್ಲಿ ವಿವಾದ ಇನ್ನೂ ಗಹನ. ಇದರ ಮೂಲ ಚೇತರಿಕೆ ಎಂಬರ್ಥದ ಫ್ರೆಂಚ್ ಧಾತು ಎನ್ನುವವರಿದ್ದಾರೆ. ವಡಾಲ ಪಂಥಕ್ಕೆ ಇದು ಮಾನ್ಯವಲ್ಲ. ಇಲ್ಲಿ ಇರುವುದು ರೆಸ್ಟು, ರೆಂಟು, ನಡುವೆ ಆಗಮವಾಗಿ ಬಂದ ಓಕಾರ. ರೆಸ್ಟು ಗಿರಾಕಿಯದು, ರೆಂಟು ಮಾಲೀಕನ ತಲೆಯ ಮೇಲಿನದು, ‘ಓ’ ಮಾಣಿಯದು. ಯಾವ ಟೇಬಲ್ಲಿನಿಂದ ಯಾರು ಕರೆದರೂ ಓಗೊಡಬೇಕಾದವನು ಅವನೇ ತಾನೇ.

2. ಪ್ರಭೇದಗಳು

ರೆಸ್ಟಿನಲ್ಲಿ ಏಳು ಪ್ರಭೇದಗಳನ್ನು ಗುರುತಿಸಲಾಗಿದೆ.

ಅ) ವೈದ್ಯೋಕ್ತ ರೆಸ್ಟ್. ‘ಕಂಪ್ಲೀಟ್ ಬೆಡ್ ರೆಸ್ಟ್’ ಇದರ ಶಾಸ್ತ್ರೀಯ ರೂಪ. ಡಾಕ್ಟರರು ರೆಸ್ಟ್ ಬರೆದುಕೊಡುತ್ತಾರೆ. ಬೆಡ್ಡನ್ನು ರೋಗಿಯೇ ಹೊಂದಿಸಿಕೊಳ್ಳಬೇಕು. ಆರು ಜನರ ಖೋಲಿಯಲ್ಲಿ ಅದೂ ಪಾಳಿಯ ಮೇಲೆ ಸಿಗುತ್ತದೆ. ವಡಾಲದಲ್ಲಿ ಈ ಚಿಕಿತ್ಸೆಯನ್ನು ಶಾಸ್ತ್ರೋಕ್ತವಾಗಿ ಪಡೆದದ್ದು ಮೊನೊರೈಲು ಮಾತ್ರ. 2014ರಲ್ಲಿ ಚೆಂಬೂರು–ವಡಾಲದ ನಡುವೆ ಓಡತೊಡಗಿದ ಅದು, 2017ರ ನವೆಂಬರಿನಲ್ಲಿ ಮೈಸೂರ್ ಕಾಲೊನಿ ನಿಲ್ದಾಣದಲ್ಲಿ ಬೆಂಕಿ ತಗಲಿಸಿಕೊಂಡು ಮುಂದಿನ ಸೆಪ್ಟೆಂಬರಿನ ತನಕ ಮಲಗಿತು. 2025ರ ಸೆಪ್ಟೆಂಬರಿನಲ್ಲಿ ಸುಧಾರಣೆಯ ಹೆಸರಿನಲ್ಲಿ ಮತ್ತೆ ಮಲಗಿತು. ಅದರ ಪಗಾರವನ್ನು ಯಾರೂ ಕಡಿಯಲಿಲ್ಲ.

ಆ) ಲೋಹಪಥೀಯ ರೆಸ್ಟ್. ಭಾನುವಾರ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕಿನಲ್ಲಿ ಹಳಿಗಳು ಪಡೆಯುವಂಥದು. ರೈಲು ಓಡಿಸುವವರು ಎರಡು ಡ್ಯೂಟಿಗಳ ನಡುವೆ ಮೈಚೆಲ್ಲುವ ಕೋಣೆಗೆ ರೈಲ್ವೆ ಇಟ್ಟಿರುವ ಹೆಸರು ‘ರನ್ನಿಂಗ್ ರೂಮ್’; ವಿರೋಧಾಭಾಸ ಅಲಂಕಾರಕ್ಕೆ ಇನ್ನು ಬೇರೆ ಲಕ್ಷ್ಯಪದ್ಯ ಬೇಡ. ಪನ್ವೇಲಿನ ಹಾದಿಯೂ ಗೋರೆಗಾಂವಿನ ಹಾದಿಯೂ ಕವಲೊಡೆಯುವ ವಡಾಲ ರೋಡ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವವರು ಕಂಬಕ್ಕೊರಗಿ ತೂಕಡಿಸುವುದನ್ನು ‘ಲಂಬರೆಸ್ಟ್’ ಎಂಬ ಉಪಪ್ರಭೇದವಾಗಿ ಪರಿಗಣಿಸಬಹುದು.

ಇ) ಔದ್ಯಾನಿಕ ರೆಸ್ಟ್. ಫೈವ್ ಗಾರ್ಡನ್ಸಿನ ಬೆಂಚಿನಲ್ಲಿ ಕಣ್ಣು ಮುಚ್ಚಿದವನನ್ನು ನಿವೃತ್ತ ಅಧಿಕಾರಿ ಎನ್ನಬೇಕೋ ಅಲೆಮಾರಿ ಎನ್ನಬೇಕೋ ಎಂಬುದು ಚಪ್ಪಲಿಯನ್ನು ನೋಡಿ ನಿರ್ಧಾರವಾಗುತ್ತದೆ.

ಈ) ಶಾಸನೋಕ್ತ ರೆಸ್ಟ್. ವಾರಕ್ಕೊಂದು ರಜೆ ಬೇಕೆಂದು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಕೂಡಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಮಾಲೀಕರು ಭಾನುವಾರವನ್ನು ಬಿಟ್ಟುಕೊಟ್ಟದ್ದು 1890ರ ಜೂನ್ 10ರಂದು. 1948ರ ಕಾರ್ಖಾನೆ ಕಾಯಿದೆ ಇನ್ನಷ್ಟು ಮುಂದೆ ಹೋಗಿ, ಐದು ತಾಸಿನೊಳಗೆ ಅರ್ಧ ತಾಸು ಬಿಡುವು ಕೊಡಿ, ನಿಂತು ಕೆಲಸ ಮಾಡುವವರಿಗೆ ಕೂರಲು ಅನುಕೂಲ ಮಾಡಿ ಎಂದಿತು. ಆದರೆ ಹೋಟೆಲಿಗೆ ಅನ್ವಯಿಸುವುದು ಕಾರ್ಖಾನೆ ಕಾಯಿದೆಯಲ್ಲ, ಅಂಗಡಿಗಳ ಕಾಯಿದೆ. 2017ರಲ್ಲಿ ಹೊಸದಾಗಿ ಬಂದ ಮಹಾರಾಷ್ಟ್ರದ ಅಂಗಡಿ ಕಾಯಿದೆ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಜಾಗಗಳನ್ನು ತನ್ನ ಬಹುಪಾಲು ಕಲಮುಗಳಿಂದ ಹೊರಗಿಟ್ಟುಕೊಂಡೇ ಬಂತು. ಒಂಬತ್ತು ಜನಕ್ಕೆ ಆಯಾಸವಾಗುವುದಿಲ್ಲವೆಂಬ ಪ್ರಮೇಯವನ್ನು ಇದು ಪ್ರತಿಪಾದಿಸುವಂತಿದೆ.

ಉ) ಹೋಟೆಲೀಯ ರೆಸ್ಟ್.

ಇಲ್ಲಿಗೆ ವರ್ಗೀಕರಣ ಸಾಕು. ಉಳಿದೆರಡು ಪ್ರಭೇದಗಳನ್ನು ಬೇಕಾದವರು ಹುಡುಕಿಕೊಳ್ಳಲಿ.

3. ಪ್ರಬಂಧದ ನಿಜವಾದ ಪ್ರೇರಣೆ

ಶ್ರಮಸಂಸ್ಕೃತಿಯನ್ನು ಕುರಿತ ವಿಚಾರಗೋಷ್ಠಿಯೊಂದರಲ್ಲಿ ಕೂತಿದ್ದೆ. ಭಾನುವಾರ; ಲೋಖಂಡೆಯವರು ಗಿಟ್ಟಿಸಿಕೊಟ್ಟ ಅದೇ ಭಾನುವಾರ. ವಿದ್ವಾಂಸರು ‘ಶ್ರಮಿಕ ದೇಹದ ವಿಶ್ರಾಂತಿ ಕಥನ’ವನ್ನು ಒಂದೇ ಸಮನೆ ಕಟ್ಟುತ್ತಿದ್ದರು, ಒಡೆಯುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ಒಬ್ಬ ಹುಡುಗ. ಒಳಗೆ ಬರಹೊರಟವನಿಗೆ ಸಂಘಟಕರು ಕೈಸನ್ನೆ ಮಾಡಿದರು: ತಡಿ. ತಡೆದ. ‘ಅಂಚಿನ ದೇಹದ ಮೌನವನ್ನು ನಾವು ಆಲಿಸಬೇಕಿದೆ’ ಎಂಬಲ್ಲಿಗೆ ಬಂದಾಗ ಹುಡುಗ ಮೌನ ಮುರಿದು, ‘ಸಾಬ್, ಚಾಯ್ ಠಂಡಾ ಹೋ ರಹಾ ಹೈ’ ಎಂದ. ನಾಲ್ಕು ಕಡೆಯಿಂದ ಶ್ ಎಂದರು. ಪ್ರಬಂಧ ಅವನಿಗೆ ಅರ್ಥವಾಗಲಿಲ್ಲ. ನಮಗೂ ಆಗಲಿಲ್ಲ, ಆದರೆ ನಾವು ಕೂತಿದ್ದೆವು.

ಇದು ಒಬ್ಬ ವಿದ್ವಾಂಸರ ತಪ್ಪಲ್ಲ, ನಮ್ಮ ಇಡೀ ಮುಂಬಯಿ ಕನ್ನಡದ ಜಾಣಗುರುಡು. ಪಕ್ಕದ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಕಡೆಗಳಲ್ಲಿ ನೆಂಟರಿಷ್ಟರಿಲ್ಲದ ಒಂಟಿ ಗಂಡಸರು ಮನೆಯೂಟ ಉಂಡು ಸುಧಾರಿಸಿಕೊಂಡರು. ಮುಂಬಯಿ ತುಂಬ ಎದ್ದ ಹೋಟೆಲುಗಳಲ್ಲಿ ಬಡಿಸಿದವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಹುಡುಗರು. ಶಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿದರೆ ಅದೇ ಮಂಚ. ಓದುವ ಹಟವಿದ್ದವರು ಆ ನಿದ್ದೆಯಲ್ಲೂ ಪಾಲು ಕಿತ್ತು ಕನ್ನಡ ರಾತ್ರಿಶಾಲೆಗೆ ಹೋದರು. ಟೇಬಲ್ ಒರೆಸಿ ಮುಂದೆ ಮಾಲೀಕರಾದವರ ಮೇಲೆ ನಾವು ಅಭಿನಂದನ ಗ್ರಂಥ ತಂದಿದ್ದೇವೆ, ಪೇಟ ತೊಡಿಸಿದ್ದೇವೆ. ಒರೆಸುತ್ತಲೇ ಮುದುಕರಾಗಿ, ಕಾಲಿನ ನರ ಉಬ್ಬಿ, ಒಂದು ದಿನ ಸೂಟ್‌ಕೇಸು ಹಿಡಿದು ಊರಿನ ಬಸ್ಸು ಹತ್ತಿದವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿದೆ? ಈಗ ನಮ್ಮ ಹುಡುಗರು ಬರುವುದು ಕಡಿಮೆಯಾಗಿದೆ. ಅದೇ ಜಾಗದಲ್ಲಿ ಒಡಿಶಾದವರು, ನೇಪಾಳದವರು ನಿಂತಿದ್ದಾರೆ. ಭಾಷೆ ಬದಲಾಯಿತು, ನಿಲ್ಲುವುದು ಬದಲಾಗಲಿಲ್ಲ.

4. ಶಿಫಾರಸು

ಕೋಝಿಕ್ಕೋಡಿನ ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಂತು ಸೋತ ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದ ಮೇಲೆ, 2018ರಲ್ಲಿ ಕೇರಳ ಕೂರುವ ಹಕ್ಕನ್ನು ಕಾಯಿದೆಯೊಳಗೆ ಬರೆಯಿತು. 2021ರಲ್ಲಿ ತಮಿಳುನಾಡು ಬರೆಯಿತು. ಆ ಹೆಣ್ಣುಮಕ್ಕಳು ಯಾವ ಸೈದ್ಧಾಂತಿಕ ಚೌಕಟ್ಟನ್ನೂ ಕೇಳಲಿಲ್ಲ, ಸ್ಟೂಲು ಕೇಳಿದರು. ಅದಕ್ಕೆ ಕಾಯಿದೆಯ ತನಕ ಹೋಗಬೇಕಾಯಿತಲ್ಲ ಎಂಬುದೇ ನಾಚಿಕೆ.

ನಮ್ಮ ಗೋಷ್ಠಿಗಳ ಮಟ್ಟಿಗೆ ಕಾಯಿದೆಯೇನೂ ಬೇಡ. ಬಾಗಿಲ ಬಳಿ ಒಂದು ಕುರ್ಚಿ ಹಾಕಿ, ಚಹಾ ತಂದವನನ್ನು ಕೂರಿಸಿ. ಶ್ರಮದ ಬಗ್ಗೆ ಪ್ರಬಂಧ ಮಂಡಿಸುವವರು ತುಂಬಿದ ಗ್ಲಾಸುಗಳ ಟ್ರೇಯನ್ನು ಕೈಯಲ್ಲಿ ಹಿಡಿದುಕೊಂಡೇ ಮಂಡಿಸಲಿ. ಎಲ್ಲಿ ಮುಗಿಸಬೇಕೆಂದು ಅವರ ತೋಳೇ ಹೇಳುತ್ತದೆ.